ಕೂರಿಗೆಯ ವಾಟ, ಡ್ರಾಯರಿನ ಕಚ್ಚು

ಡವ್‌ಟೇಲ್ ಕಚ್ಚು ಕತ್ತರಿಸಲು ಕೈಗೆಟಕುವ ಜಿಗ್ (ಕೊಯ್ಯಲು ಅಳತೆ ತೋರಿಸುವ ಅಚ್ಚು) ಯಾವುದು ಎಂಬ ಪ್ರಶ್ನೆ ಇವತ್ತಿನ ಅಂಗಡಿಯ ಪ್ರಶ್ನೆಯಂತೆ ಕಾಣುತ್ತದೆ. ಇದಕ್ಕೆ ಇನ್ನೂರು ವರ್ಷಗಳ ಹಿನ್ನೆಲೆ ಇದೆ. ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೇಗುಂಟನೂರಿನಂಥ ಊರಿನಿಂದ ನೋಡಿದರೆ ಆ ಹಿನ್ನೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ನಾವು ಲೆಕ್ಕ ಹಾಕುವುದು ಹೀಗೆ: ಜಿಗ್ಗಿನ ಬೆಲೆ ಇಷ್ಟು, ಬಡಗಿಯ ಸಂಪಾದನೆ ಇಷ್ಟು, ಆದ್ದರಿಂದ ಕೊಳ್ಳಬಹುದು ಅಥವಾ ಕೊಳ್ಳಲಾಗದು. ಈ ಸೀಮೆಯ ಮರಗೆಲಸದ ಚರಿತ್ರೆ ಬೇರೊಂದು ಲೆಕ್ಕವನ್ನು ಮುಂದಿಡುತ್ತದೆ. ಜಿಗ್ ಅಗ್ಗವೋ ದುಬಾರಿಯೋ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಒಂದು, ಬಡಗಿಗೆ ಕೂಲಿ ಸಲ್ಲುವ ರೀತಿ. ಇನ್ನೊಂದು, ಒಂದೇ ಅಳತೆಯನ್ನು ಅವನು ಎಷ್ಟು ಸಲ ಮತ್ತೆ ಮತ್ತೆ ಕೊಯ್ಯಬೇಕಾಗುತ್ತದೆ ಎಂಬುದು. ಇವೆರಡು ಬದಲಾದಾಗೆಲ್ಲ ಬಡಗಿಯ ಉಪಕರಣ ಬದಲಾಗಿದೆ, ಬದಲಾಗದೆ ಇದ್ದಾಗ ಎಷ್ಟೇ ಅಗ್ಗದ ಸಾಧನವೂ ಅವನ ಮನೆಯ ಜಗುಲಿ ಹತ್ತಿಲ್ಲ.

ಮೊದಲು ಕಚ್ಚಿನ ವಿಚಾರ. ಎರಡು ಹಲಗೆಗಳು ಮೂಲೆಯಲ್ಲಿ ಕೂಡುವ ಕಡೆ ಒಂದರ ತುದಿಯನ್ನು ಪಾರಿವಾಳದ ಬಾಲದಂತೆ ಹೊರಕ್ಕೆ ಅಗಲವಾಗುವ ಹಲ್ಲುಗಳಾಗಿ ಕೊಯ್ದು, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಸಂದು ತೆಗೆದು ಒಂದರೊಳಗೊಂದು ಇಳಿಸಿದರೆ ಅದು ಡವ್‌ಟೇಲ್. ಇದು ಹೊಸದೇನೂ ಅಲ್ಲ. ಪ್ರಾಚೀನ ಈಜಿಪ್ಟಿನ ಪೀಠೋಪಕರಣಗಳಲ್ಲೇ ಈ ಕಚ್ಚು ಸಿಗುತ್ತದೆ. ಇದರ ಶಕ್ತಿಯೆಲ್ಲ ಇರುವುದು ಹಲ್ಲಿನ ವಾಟದಲ್ಲಿ. ಮೆತ್ತನೆ ಮರಕ್ಕೆ ಆರಕ್ಕೊಂದು, ಗಟ್ಟಿ ಮರಕ್ಕೆ ಎಂಟಕ್ಕೊಂದು ಎಂಬುದು ರೂಢಿಯ ಲೆಕ್ಕ. ವಾಟ ಕಡಿಮೆಯಾದರೆ ಎಳೆದಾಗ ಜಾರುತ್ತದೆ, ಹೆಚ್ಚಾದರೆ ಹಲ್ಲಿನ ಮೂಲೆ ಸಿಡಿಯುತ್ತದೆ. ಒಂದೇ ದಿಕ್ಕಿಗೆ ಪದೇ ಪದೇ ಎಳೆಸಿಕೊಳ್ಳುವ ಮೂಲೆಗೆ ಇದಕ್ಕಿಂತ ಒಳ್ಳೆಯ ಕಚ್ಚು ಮರಗೆಲಸದಲ್ಲಿಲ್ಲ. ಅಂಥ ಮೂಲೆ ಎಲ್ಲಿರುತ್ತದೆ? ಮೇಜಿನ ಡ್ರಾಯರಿನ ಮುಂಭಾಗದಲ್ಲಿ. ಹಾಗಾಗಿ ಈ ಕಚ್ಚಿನ ಚರಿತ್ರೆ ಹೆಚ್ಚುಕಡಿಮೆ ಡ್ರಾಯರಿನ ಚರಿತ್ರೆಯೇ. ಪಶ್ಚಿಮದಲ್ಲಿ ಡ್ರಾಯರುಗಳು ಮನೆಮನೆಗೆ ಬಂದ ಮೇಲೆಯೇ ಇದನ್ನು ಯಂತ್ರಕ್ಕೆ ಹೇರುವ ಯೋಚನೆ ಬಲಿತದ್ದು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್ 1793ರಲ್ಲಿ ಪಡೆದ ಮರಗೆಲಸ ಯಂತ್ರಗಳ ಪೇಟೆಂಟಿನಲ್ಲಿ ಈ ಕಚ್ಚಿನ ಮಾತೂ ಇತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಾರ್ಲ್ಸ್ ನ್ಯಾಪ್ ಎಂಬಾತ 1860ರ ದಶಕದ ಕೊನೆಗೆ ಡ್ರಾಯರಿನ ಮೂಲೆಗಾಗಿಯೇ ಒಂದು ಯಂತ್ರ ಕಟ್ಟಿದ. ಅದು ಡವ್‌ಟೇಲನ್ನು ಕತ್ತರಿಸಲಾರದೆ ಅರ್ಧಚಂದ್ರದ ಅಂಚು ಮತ್ತು ಗೂಟದ ಕಚ್ಚನ್ನು ಕತ್ತರಿಸುತ್ತಿತ್ತು. ಆಮೇಲಿನ ದಶಕಗಳಲ್ಲಿ ನಿಜವಾದ ಡವ್‌ಟೇಲ್ ಕತ್ತರಿಸುವ ಯಂತ್ರಗಳು ಬಂದು ನ್ಯಾಪ್‌ನ ಕಚ್ಚು ಮೂಲೆ ಸೇರಿತು. ಈ ಎಲ್ಲ ಸಾಹಸದ ಹಿಂದಿದ್ದದ್ದು ಕಾರ್ಖಾನೆಯ ಲೆಕ್ಕ: ಡ್ರಾಯರು ಸಾವಿರಗಟ್ಟಲೆ, ಕೂಲಿ ಗಂಟೆಯ ಲೆಕ್ಕದಲ್ಲಿ. ನಿಮಿಷ ಉಳಿದರೆ ದುಡ್ಡು ಉಳಿಯುತ್ತದೆ.

ಅದೇ ಕಾಲದ ಚಿತ್ರದುರ್ಗ ಸೀಮೆಯ ಮನೆಗಳಲ್ಲಿ ಡ್ರಾಯರು ಇಡುವ ಮೇಜೇ ಇರಲಿಲ್ಲ. ಕಾಳು ನೆಲದೊಳಗಿನ ಹಗೇವಿನಲ್ಲಿ ಇಲ್ಲವೆ ಮಣ್ಣಿನ ವಾಡೆಯಲ್ಲಿ ಇರುತ್ತಿತ್ತು. ಬಟ್ಟೆ ಗಳುವಿನ ಮೇಲೆ, ಹಣವಿದ್ದರೆ ನಡುವಿನ ಗಂಟಿನಲ್ಲಿ. ಅರಮನೆಯವರೂ ಇದಕ್ಕೆ ಹೊರತಲ್ಲ: ದುರ್ಗದ ಕೋಟೆಯಲ್ಲಿ ಇವತ್ತಿಗೂ ನೋಡಸಿಗುವ ದಾಸ್ತಾನು ವ್ಯವಸ್ಥೆ ಕಣಜಗಳು ಮತ್ತು ಎಣ್ಣೆಯ ಕೊಳಗಳದು, ಕಲ್ಲು ಮಣ್ಣಿನದು. ಹಲಗೆಯ ಪೆಟ್ಟಿಗೆ ಬೇಕಾಗಿದ್ದವರು ಕಾಗದಪತ್ರ ಇಟ್ಟುಕೊಳ್ಳುವ ಶಾನುಭೋಗರು, ಒಡವೆ ಇಡುವ ಒಂದೆರಡು ಮನೆಯವರು. ಊರಿನ ಬಡಗಿ ಜೀವಮಾನದಲ್ಲಿ ಮಾಡುತ್ತಿದ್ದ ಪೆಟ್ಟಿಗೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಹೀಗಿರುವಾಗ ಪೆಟ್ಟಿಗೆಯ ಮೂಲೆಗೆಂದು ಅವನು ಅಚ್ಚು ಕಟ್ಟಿಟ್ಟುಕೊಳ್ಳಲಿಲ್ಲ ಎಂದು ಆಶ್ಚರ್ಯಪಡುವುದು ಮೀನಿಲ್ಲದ ಹಳ್ಳದಲ್ಲಿ ಬಲೆಯೇಕಿಲ್ಲ ಎಂದು ಕೇಳಿದ ಹಾಗೆ.

ಕೂಲಿಯ ರೀತಿಯೂ ಬೇರೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಮೈಸೂರಿನ ಹಳ್ಳಿಯನ್ನು ವರ್ಣಿಸುವಾಗ ಹನ್ನೆರಡು ಆಯಗಾರರನ್ನು ಲೆಕ್ಕ ಹಾಕುತ್ತಾನೆ. ಗೌಡ, ಶಾನುಭೋಗ, ತಳವಾರ, ನೀರಗಂಟಿ ಮುಂತಾದವರ ಸಾಲಿನಲ್ಲಿ ಕಮ್ಮಾರನೂ ಬಡಗಿಯೂ ಇದ್ದಾರೆ. ಆಯಗಾರ ಬಡಗಿಗೆ ಮಾಡಿದ ಮಾಲಿನ ಮೇಲೆ ಬೆಲೆ ಕಟ್ಟುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲಿನ ಆಯ ಸಿಗುತ್ತಿತ್ತು, ಅದಕ್ಕೆ ಪ್ರತಿಯಾಗಿ ವರ್ಷವಿಡೀ ರೈತನ ನೇಗಿಲು, ಕುಂಟೆ, ಕೂರಿಗೆ, ನೊಗ ಸುಸ್ಥಿತಿಯಲ್ಲಿರುವಂತೆ ಅವನು ನೋಡಿಕೊಳ್ಳಬೇಕು. ಈ ಒಪ್ಪಂದದ ಒಳಸುಳಿಯನ್ನು ಗಮನಿಸಿ. ಒಂದು ನೇಗಿಲನ್ನು ಅರ್ಧ ದಿನದಲ್ಲಿ ಮುಗಿಸಿದರೂ ಎರಡು ದಿನ ಹಿಡಿದರೂ ಆಯ ಅಷ್ಟೇ. ಆದರೆ ಮುರಿದ ನೇಗಿಲನ್ನು ಮತ್ತೆ ಸರಿಪಡಿಸುವ ಹೊರೆ ಅವನದೇ. ಹಾಗಾಗಿ ಅವನಿಗೆ ಲಾಭವಿದ್ದದ್ದು ಬೇಗ ಮಾಡುವುದರಲ್ಲಲ್ಲ. ಬಾಳಿಕೆ ಬರುವಂತೆ, ಮುರಿದರೂ ಮುರಿದ ಭಾಗವಷ್ಟನ್ನೇ ಕಿತ್ತು ಹೊಸದು ಹಾಕುವಂತೆ ಮಾಡುವುದರಲ್ಲಿ. ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ಹೊಂದುವ ನಾಲಿಗೆ, ಬಿಗಿಗೆ ಒಂದು ಬೆಣೆ: ಈ ಸೀಮೆಯ ಬೇಸಾಯದ ಸಾಮಾನುಗಳೆಲ್ಲ ಈ ಒಂದೇ ತತ್ತ್ವದ ಮೇಲೆ ನಿಂತವು. ಬೇಸಿಗೆಯ ಬಿಸಿಲಿಗೆ ಜಾಲಿ ಮರ ಒಣಗಿ ಸಡಿಲವಾದರೆ ಬೆಣೆಗೆ ಕೊಡತಿಯಿಂದ ಎರಡು ಏಟು. ಮಳೆಗೆ ನೆನೆದರೆ ತಾನೇ ಬಿಗಿಯಾಗುತ್ತದೆ. ಅಂಟು ಹಾಕಿ ಕೂಡಿಸಿದ ಡವ್‌ಟೇಲ್ ಮೂಲೆಯನ್ನು ಹೀಗೆ ಬಿಚ್ಚಿ ಕಟ್ಟಲಾಗದು. ಅಂದಿನ ಅಂಟಾದರೂ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಮರವಜ್ರ; ಒದ್ದೆಯಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಹೊಲದ ಸಾಮಾನಿಗೆ ಅದು ನಾಲ್ಕು ದಿನದ ಮಾತು.

ಹಾಗಾದರೆ ಈ ಬಡಗಿಗೆ ಅಚ್ಚಿನ, ಜಿಗ್ಗಿನ ಕಲ್ಪನೆಯೇ ಇರಲಿಲ್ಲವೆ? ಇತ್ತು, ಆದರೆ ಅದನ್ನು ಹುಡುಕಬೇಕಾದ ಜಾಗ ಪೆಟ್ಟಿಗೆಯಲ್ಲ, ಸಾಲು ಬಿತ್ತುವ ಕೂರಿಗೆ. ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಕಂಪನಿಯ ಅಧಿಕಾರಿ 1795ರಲ್ಲಿ ದಕ್ಷಿಣ ಭಾರತದ ಕೂರಿಗೆ ಬೇಸಾಯದ ಬಗ್ಗೆ ಲಂಡನ್ನಿನ ಕೃಷಿ ಮಂಡಳಿಗೆ ಬರೆದು ಕಳಿಸಿದ. ಸಾಲು ಬಿತ್ತನೆಯ ಯಂತ್ರ ಯುರೋಪಿನ ಇತ್ತೀಚಿನ ಶೋಧ ಎಂದುಕೊಂಡಿದ್ದ ಆತ, ಇಲ್ಲಿನ ಹೊಲವೊಂದರಲ್ಲಿ ಅದು ಸಲೀಸಾಗಿ ಓಡುತ್ತಿರುವುದನ್ನು ಕಂಡು ತನ್ನ ತಿಳಿವಳಿಕೆ ತಿದ್ದಿಕೊಂಡ. ಈ ಪತ್ರವನ್ನು 1971ರಲ್ಲಿ ಧರಂಪಾಲರು ಹದಿನೆಂಟನೇ ಶತಮಾನದ ಭಾರತೀಯ ವಿಜ್ಞಾನ, ತಂತ್ರಜ್ಞಾನ ಕುರಿತ ತಮ್ಮ ಗ್ರಂಥದಲ್ಲಿ ಸೇರಿಸಿದ್ದಾರೆ. ಹಾಲ್ಕಾಟನ ಬೆನ್ನಿಗೇ ಫ್ರಾನ್ಸಿಸ್ ಬುಕಾನನ್ ಬಂದ. ಟಿಪ್ಪುವಿನ ಪತನದ ಮರುವರ್ಷ ಹೊರಟ ಅವನ ಸರ್ವೆ ಪ್ರವಾಸ 1801ರಲ್ಲಿ ಕರಾವಳಿಯಿಂದ ಇಕ್ಕೇರಿ, ಚಿತ್ರದುರ್ಗದ ಸೀಮೆ ಹಾದು ಹಿರಿಯೂರಿಗೆ ಬರುತ್ತದೆ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮೈಸೂರು ಸೀಮೆಯ ರಾಗಿ ಬಿತ್ತನೆಯನ್ನು ವರ್ಣಿಸುವಾಗ ಕೂರಿಗೆಯನ್ನು ಅದರ ಕನ್ನಡ ಹೆಸರಿನಿಂದಲೇ ಕರೆದಿದ್ದಾನೆ. ಹೊರಗಿನ ಕಣ್ಣಿಗೆ ಅಷ್ಟು ಎದ್ದು ಕಂಡ ಸಾಮಾನು ಇದು.

ಕೂರಿಗೆ ನೋಡಲು ಸರಳ, ಮಾಡಲು ಅಲ್ಲ. ಗಟ್ಟಿ ಮರದ ಒಂದು ದಿಂಡು. ಅದಕ್ಕೆ ಕೆಳಮುಖವಾಗಿ ಮೂರೋ ನಾಲ್ಕೋ ಆರೋ ತಾಳು. ತಾಳು ಎಂದರೆ ನೆಲ ಸೀಳುವ ಕಾಲು. ಪ್ರತಿ ತಾಳಿಗೂ ಒಂದು ಬಿದಿರಿನ ನಳಿಗೆ, ಎಲ್ಲ ನಳಿಗೆಗಳೂ ಮೇಲೆ ಒಂದೇ ಬಟ್ಟಲಿಗೆ ಬಂದು ಕೂಡುತ್ತವೆ. ಹಿಂದೆ ನಡೆಯುವವರು ಆ ಬಟ್ಟಲಿಗೆ ಕಾಳು ಬಿಡುತ್ತಾರೆ. ಬಡಗಿಯ ಕಷ್ಟವೆಲ್ಲ ದಿಂಡಿನಲ್ಲಿ ತಾಳಿನ ತೂತು ಹೊಡೆಯುವ ಹೊತ್ತಿನದು. ತಾಳುಗಳು ನೆಟ್ಟಗೆ ಇಳಿಯುವಂತಿಲ್ಲ. ಮುಂದಕ್ಕೆ ತುಸು ವಾಟವಾಗಿ ಇಳಿಯಬೇಕು, ಎಲ್ಲದರ ವಾಟವೂ ಒಂದೇ ಇರಬೇಕು. ಒಂದು ತಾಳಿನ ವಾಟ ಒಂದಿಷ್ಟು ತಪ್ಪಿತೆನ್ನಿ, ಅದರ ತುದಿ ಉಳಿದವಕ್ಕಿಂತ ಆಳಕ್ಕೋ ಮೇಲಕ್ಕೋ ಹೋಗುತ್ತದೆ. ಆಳಕ್ಕೆ ಬಿದ್ದ ರಾಗಿ ಮೊಳೆತು ಮೇಲೆ ಬರಲಾರದು, ಮೇಲೆ ಬಿದ್ದದ್ದಕ್ಕೆ ಹಸಿ ಸಿಗದು. ಒಂದು ವಾರದಲ್ಲಿ ಹೊಲವೇ ಸಾಕ್ಷಿ ಹೇಳುತ್ತದೆ: ಉಳಿದ ಸಾಲೆಲ್ಲ ಹಸಿರು, ಮೂರು ಸಾಲಿಗೊಂದು ಬೋಳು. ಬಡಗಿ ಮೊದಲ ತೂತನ್ನು ಉಳಿಯಿಂದ ತೆಗೆದು, ಅದಕ್ಕೆ ತಾಳು ಕೂರಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ ವಾಟ ಸರಿಮಾಡಿಕೊಂಡರೆ, ಆ ಮೊದಲ ತಾಳೇ ಉಳಿದವಕ್ಕೆ ಅಚ್ಚು. ಎರಡನೆಯದರ ಉಳಿ ಹಿಡಿಯುವುದು ಮೊದಲನೆಯದರ ನೇರಕ್ಕೆ. ತಾಳಿನಿಂದ ತಾಳಿಗೆ ಅಂತರ ಅಳೆಯಲು ಗೆರೆ ಕೊರೆದ ಒಂದು ಪಟ್ಟಿ ಸಾಕು. ಒಂದೇ ವಾಟವನ್ನು ತಪ್ಪದೆ ಮತ್ತೆ ಮತ್ತೆ ಕೊಯ್ಯುವುದು ಡವ್‌ಟೇಲಿನ ಸಮಸ್ಯೆಯೂ ಹೌದು, ಕೂರಿಗೆಯದೂ ಹೌದು.

ಈ ಅಳತೆ ಕೂರಿಗೆಗೇ ನಿಲ್ಲುತ್ತಿರಲಿಲ್ಲ. ಬೆಳೆ ಎದ್ದ ಮೇಲೆ ಸಾಲಿನ ನಡುವೆ ಕಳೆ ತೆಗೆಯಲು ಹಾಯಿಸುವ ಎಡೆಕುಂಟೆಯ ಅಗಲ ಕೂರಿಗೆಯ ಸಾಲಿಗೆ ಹೊಂದಲೇಬೇಕು. ಒಂದು ಬೆರಳು ಹೆಚ್ಚಾದರೆ ಕುಂಟೆ ಪೈರನ್ನೇ ಕಡಿಯುತ್ತದೆ. ಕೂರಿಗೆ, ಎಡೆಕುಂಟೆ, ನೊಗ ಇವು ಒಂದಕ್ಕೊಂದು ಹೆಣೆದ ಅಳತೆಗಳು. ಹಳೆಯ ಕೂರಿಗೆ ಸವೆದರೆ ಹೊಸದನ್ನು ಅದರ ಪಕ್ಕದಲ್ಲಿಟ್ಟುಕೊಂಡೇ ಅಳೆದು ಮಾಡಬೇಕಾಗಿತ್ತು, ಇಲ್ಲದಿದ್ದರೆ ಮನೆಯ ಎಡೆಕುಂಟೆಗಳೆಲ್ಲ ದಂಡ. ಆ ಅರ್ಥದಲ್ಲಿ ಊರಿನ ಜಿಗ್ ಬಡಗಿಯ ಪೆಟ್ಟಿಗೆಯಲ್ಲಿರದೆ ರೈತರ ಕೊಟ್ಟಿಗೆಗಳಲ್ಲಿ ಹಂಚಿಹೋಗಿತ್ತು. ಅದಕ್ಕೆ ಯಾರೂ ಬೆಲೆ ಕೊಟ್ಟಿರಲಿಲ್ಲ. ಗಾಡಿಯ ಚಕ್ರದ ವಿಚಾರವೂ ಹೀಗೆಯೇ: ಸಾಮಾನ್ಯವಾಗಿ ಹನ್ನೆರಡು ಅರೆಕಾಲು, ಎರಡೆರಡು ಅರೆಕಾಲಿಗೊಂದರಂತೆ ಆರು ಬಾಗಿದ ತುಂಡು, ಅವೆಲ್ಲಕ್ಕೂ ಒಂದೇ ಬಾಗು ಗುರುತಿಸಲು ತೆಳು ಹಲಗೆಯ ಒಂದು ಅಚ್ಚು.

ಇದಕ್ಕೆ ಎದುರು ಮಾತು ಬರುವುದು ಸಹಜ. ಕೂರಿಗೆಯನ್ನು ಡವ್‌ಟೇಲಿಗೆ ಹೋಲಿಸುವುದು ಅತಿಯಾಯಿತು, ಕೂದಲಿನಷ್ಟು ಸಂದೂ ಕಾಣದ ಹಾಗೆ ಕೂಡುವ ಡ್ರಾಯರಿನ ಮೂಲೆ ಎಲ್ಲಿ, ಬೆಣೆ ಹೊಡೆದು ಬಿಗಿ ಮಾಡುವ ಹೊಲದ ಸಾಮಾನೆಲ್ಲಿ. ಹಳ್ಳಿಯ ಬಡಗಿಗೆ ನಾಜೂಕಿನ ಕೆಲಸ ಬರುತ್ತಿರಲಿಲ್ಲ, ಅದನ್ನು ಅವನ ಜಾಣತನವೆಂದು ಬಣ್ಣಿಸುವುದು ಬೇಡ, ಎನ್ನಬಹುದು. ನಾಜೂಕಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಇದೇ ಜಿಲ್ಲೆಯ ಹಿರಿಯೂರಿನ ತೇರುಮಲ್ಲೇಶ್ವರನ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರುಗಳು ಸಾವಿರಾರು ಜನ ಎಳೆಯುವಾಗ ಕಳಚದಂತೆ ನಿಲ್ಲುವುದು ಮರದ ಕಚ್ಚುಗಳ ಬಲದಿಂದಲೇ. ತೇರಿನ ಕೆಲಸ ಬಂದಾಗ ಕೈ ನಾಜೂಕಾಗುತ್ತಿತ್ತು, ಯಾಕೆಂದರೆ ಅಲ್ಲಿ ಅದಕ್ಕೆ ಪ್ರತ್ಯೇಕ ಸಂಭಾವನೆಯೂ ಬಿಡುವೂ ಇತ್ತು. ನೇಗಿಲಿಗೆ ತೇರಿನ ನಾಜೂಕು ಹಾಕಲಿಲ್ಲ ಎಂಬುದು ಕೈ ಬಾರದ್ದರ ಗುರುತಾಗಲಾರದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಆಯದ ಪದ್ಧತಿಯನ್ನು ಹೀಗೆ ವಿವರಿಸಿದರೆ ಅದು ಸೊಗಸಾದ ವ್ಯವಸ್ಥೆಯಾಗಿತ್ತು ಎಂಬ ಭಾವನೆ ಬರುತ್ತದೆ. ಹಾಗೇನೂ ಇರಲಿಲ್ಲ. ಕಣದಲ್ಲಿ ರಾಶಿ ಬಿದ್ದರೆ ಮಾತ್ರ ಆಯ. ಮಳೆ ಕೈಕೊಟ್ಟರೆ ರೈತನ ಜೊತೆ ಬಡಗಿಯೂ ಬರಿಗೈ. 1876ರಿಂದ 78ರವರೆಗಿನ ಬರದಲ್ಲಿ ಇದು ಎಷ್ಟು ದೂರ ಹೋಯಿತೆಂದರೆ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೆ ಬಂದಿತ್ತು. ಒಳ್ಳೆಯ ವರ್ಷದಲ್ಲೂ ಬಡಗಿಗೆ ಚೌಕಾಸಿ ಮಾಡುವ ಹಕ್ಕಿರಲಿಲ್ಲ, ಕಸುಬು ಬಿಟ್ಟು ಹೋಗುವ ದಾರಿ ಇರಲಿಲ್ಲ, ಕಲಿತದ್ದನ್ನು ಬರೆದಿಡುವ ರೂಢಿಯೂ ಇಲ್ಲದೆ ಅಳತೆಗಳೆಲ್ಲ ತಂದೆಯಿಂದ ಮಗನಿಗೆ, ಮನೆಯ ಗೋಡೆಯೊಳಗೆ ಹರಿದವು. ಇದೆಲ್ಲ ಒಪ್ಪಿದ ಮೇಲೂ ಮೂಲ ವಾದ ಅಲುಗುವುದಿಲ್ಲ. ಬೇಗ ಮುಗಿಸಿದ್ದಕ್ಕೆ ಒಂದು ಪಡಿ ರಾಗಿಯೂ ಹೆಚ್ಚು ಸಿಗದ ಕಡೆ ಬೇಗ ಮುಗಿಸುವ ಸಾಧನ ಯಾರಿಗೆ ಬೇಕು? ಪುಕ್ಕಟೆ ಕೊಟ್ಟಿದ್ದರೂ ಅದು ಅವನಿಗೆ ದುಬಾರಿಯೇ.

ಲೆಕ್ಕ ತಿರುಗಿದ್ದು ಡ್ರಾಯರು ಬಂದಾಗ, ಡ್ರಾಯರನ್ನು ತಂದದ್ದು ಕಾಗದ. ಅಮಲ್ದಾರರ ಕಚೇರಿ, ಶಾಲೆ, ಅಂಚೆ, ಸಹಕಾರ ಸಂಘ ಎಲ್ಲಕ್ಕೂ ಮೇಜು ಬೇಕು, ಮೇಜಿಗೆ ಬೀಗ ಹಾಕುವ ಖಾನೆ ಬೇಕು, ಅದರ ಕೂಲಿ ನಗದು. ಕಾಗದದ ಬೆನ್ನಿಗೆ ದುಡ್ಡೂ ಬಂತು. ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಮುಗಿದು ಹಿರಿಯೂರಿನ ಬಯಲಿಗೆ ನೀರು ಹರಿಯಿತು. ಹಿರೇಗುಂಟನೂರು ಹೋಬಳಿಯಲ್ಲೇ ಇರುವ ಭೀಮಸಮುದ್ರ ಅಡಿಕೆಯ ವ್ಯಾಪಾರಕ್ಕೆ ಹೆಸರಾಯಿತು. ಅಡಿಕೆಯ ದುಡ್ಡು ಕಂಡ ಮನೆಗೆ ಬೀರು, ಮೇಜು, ತಿಜೋರಿ ಬರುವುದು ತಡವಾಗಲಿಲ್ಲ. ಕಾರ್ಖಾನೆಯೂ ಹತ್ತಿರ ಬಂತು. ಹರಿಹರ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡಿತು. ಜಿಗ್ ಎಂಬುದು ಅಂಥ ಕಾರ್ಖಾನೆಯ ಒಳಗೆ ದಿನಬಳಕೆಯ ವಸ್ತು: ಒಮ್ಮೆ ಕಷ್ಟಪಟ್ಟು ಕರಾರುವಾಕ್ಕಾಗಿ ಮಾಡಿಟ್ಟರೆ, ಆಮೇಲೆ ತೂತು ಕೊರೆಯುವವನು ಅಳೆಯುವ ಗೊಡವೆಗೇ ಹೋಗಬೇಕಿಲ್ಲ. 1950ರಲ್ಲಿ ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾಗಿ ಐಟಿಐಗಳು ಬಂದವು. ಅಲ್ಲಿನ ಕಾರ್ಪೆಂಟರ್ ಪಾಠದಲ್ಲಿ ಡವ್‌ಟೇಲ್ ಕೈಯಿಂದ ಕೊಯ್ಯುವ ಅಭ್ಯಾಸ ಸೇರಿತ್ತು. ಜಾತಿಯ ಗೋಡೆಯೊಳಗೆ ಇರದ ಕಚ್ಚೊಂದು ಮೊದಲ ಬಾರಿಗೆ ಯಾರು ಬೇಕಾದರೂ ಕಲಿಯುವ ಪಾಠವಾಯಿತು. ಇದನ್ನು ನಾನು ಸಣ್ಣ ಬದಲಾವಣೆ ಎಂದು ಎಣಿಸುವುದಿಲ್ಲ. ಇತ್ತ ಕಬ್ಬಿಣದ ನೇಗಿಲು, ರಬ್ಬರ್ ಟೈರಿನ ಗಾಡಿ, ಕಡೆಗೆ ಟ್ರ್ಯಾಕ್ಟರಿನ ಕೂರಿಗೆ ಬಂದು ಬಡಗಿಯ ಹಳೆಯ ದುಡಿಮೆಯನ್ನು ಒಂದೊಂದಾಗಿ ಕಸಿದುಕೊಂಡವು. ಅವನ ಪಾಲಿಗೆ ಉಳಿದದ್ದು ಬಾಗಿಲು, ಕಿಟಕಿ, ಮಂಚ, ಮೇಜು. ಅದರ ಕೂಲಿ ದಿನದ ಲೆಕ್ಕದಲ್ಲಿ ಇಲ್ಲವೆ ಗುತ್ತಿಗೆಯಲ್ಲಿ.

ಗುತ್ತಿಗೆ ಬಂದ ಕೂಡಲೇ ನಿಮಿಷಕ್ಕೆ ಬೆಲೆ ಬಂತು, ನಿಮಿಷಕ್ಕೆ ಬೆಲೆ ಬಂದ ಕೂಡಲೇ ಜಿಗ್ಗಿಗೆ ಅರ್ಥ ಬಂತು. ಇವತ್ತು ಪೇಟೆಯಲ್ಲಿ ಸಿಗುವ ಅಗ್ಗದ ಡವ್‌ಟೇಲ್ ಜಿಗ್ ಎಂದರೆ ಹನ್ನೆರಡು ಅಂಗುಲದ ಆಸುಪಾಸು ಅಗಲದ ಒಂದು ಚೌಕಟ್ಟು, ಹಲಗೆ ಹಿಡಿಯಲು ಎರಡು ಒತ್ತುಪಟ್ಟಿ, ಮೇಲೆ ಬೆರಳುಗಳಂತೆ ಕೊರೆದ ಒಂದು ಪಟ್ಟಿ. ಡ್ರಾಯರಿನ ಮುಂದಿನ ಹಲಗೆಯನ್ನೂ ಪಕ್ಕದ ಹಲಗೆಯನ್ನೂ ಒಟ್ಟಿಗೆ ಬಿಗಿದು, ವಿದ್ಯುತ್ ರೌಟರಿಗೆ ವಾಟದ ಬಿಟ್ ಹಾಕಿ, ಬೆರಳುಗಳ ಸಂದಿಯಲ್ಲಿ ಓಡಿಸಿದರೆ ಹಲ್ಲೂ ಸಂದೂ ಒಂದೇ ಓಟದಲ್ಲಿ ಕತ್ತರಿಸಿ ಬರುತ್ತವೆ. ವೇಗದಲ್ಲಿ ಇದಕ್ಕೆ ಕೈ ಸಾಟಿಯಲ್ಲ. ಇದರ ಕೊರತೆ ಬೇರೆ ಕಡೆ ಇದೆ. ಹಲ್ಲುಗಳ ಅಂತರ ಪಟ್ಟಿಯಲ್ಲೇ ಕೊರೆದುಬಿಟ್ಟಿದ್ದರಿಂದ ಡ್ರಾಯರಿನ ಎತ್ತರವನ್ನು ಜಿಗ್ಗಿಗೆ ಹೊಂದಿಸಬೇಕು, ಇಲ್ಲದಿದ್ದರೆ ತುದಿಯಲ್ಲಿ ಅರ್ಧ ಹಲ್ಲು ಉಳಿದು ಮೂಲೆ ವಿಕಾರವಾಗುತ್ತದೆ. ಅಂತರವನ್ನು ನಮಗೆ ಬೇಕಾದಂತೆ ಸರಿಸಿಕೊಳ್ಳುವ ಜಿಗ್ಗುಗಳೂ ಇವೆ, ಅವುಗಳ ಬೆಲೆ ಹಲವು ಪಟ್ಟು. ಬಿಟ್ಟಿನ ಆಳ ಕಾಗದದ ದಪ್ಪದಷ್ಟು ಹೆಚ್ಚುಕಡಿಮೆಯಾದರೂ ಕಚ್ಚು ಸಡಿಲವೋ ಬಿಗಿಯೋ ಆಗುವುದರಿಂದ, ಪ್ರತಿ ಸಲ ರದ್ದಿ ತುಂಡಿನ ಮೇಲೆ ಕತ್ತರಿಸಿ ನೋಡಿ ಹದ ಮಾಡಿಕೊಳ್ಳಬೇಕು. ಒಂದು ಡ್ರಾಯರಿನ ಕೆಲಸವಾದರೆ ಈ ಹದ ಮಾಡುವ ಹೊತ್ತಿನಲ್ಲಿ ನುರಿತ ಕೈ ಗರಗಸ, ಉಳಿ ಹಿಡಿದು ಮೂಲೆ ಮುಗಿಸಿರುತ್ತದೆ.

ಇನ್ನೊಂದು ತೊಡಕನ್ನು ಜಿಗ್ ಮಾರುವವರು ಹೇಳುವುದಿಲ್ಲ. ಈಗಿನ ಡ್ರಾಯರು ಹೆಚ್ಚಾಗಿ ಪ್ಲೈವುಡ್ಡಿನದು, ಅದು ಜಾರುವುದು ಉಕ್ಕಿನ ಚಾನೆಲ್ಲಿನ ಮೇಲೆ, ಮೂಲೆಗೆ ಸ್ಕ್ರೂ ಮತ್ತು ಅಂಟು. ಪ್ಲೈವುಡ್ಡಿನ ಪದರಗಳು ಅಡ್ಡಾದಿಡ್ಡಿ ಇರುವುದರಿಂದ ಡವ್‌ಟೇಲಿನ ಹಲ್ಲು ಅದರಲ್ಲಿ ಸುಲಭವಾಗಿ ಸಿಬಿರೊಡೆಯುತ್ತದೆ. ಕಚ್ಚು ಕತ್ತರಿಸುವ ಸಾಧನ ಕೈಗೆಟಕುವ ಬೆಲೆಗೆ ಬರುವ ಹೊತ್ತಿಗೆ ಕಚ್ಚು ಬೇಡುವ ಹಲಗೆಯೇ ಕಡಿಮೆಯಾಗಿದೆ. ಸಾಗವಾನಿಯಲ್ಲೋ ಹೊನ್ನೆಯಲ್ಲೋ ಗಟ್ಟಿ ಡ್ರಾಯರು ಮಾಡಿಸುವ ಗಿರಾಕಿ ಇದ್ದಾನೆ, ಆದರೆ ಅವನು ಯಾವಾಗಲೋ ಒಮ್ಮೆ ಬರುತ್ತಾನೆ, ತನ್ನದೇ ಅಳತೆ ಹಿಡಿದು ಬರುತ್ತಾನೆ.

ಆದ್ದರಿಂದ ಹಿರೇಗುಂಟನೂರಿನಲ್ಲೋ ಹೊಳಲ್ಕೆರೆಯಲ್ಲೋ ಸಣ್ಣ ಅಂಗಡಿ ಇಟ್ಟಿರುವವರು ಜಿಗ್ಗಿನ ಬೆಲೆ ಕೇಳುವ ಮುನ್ನ ತಮ್ಮ ಆರ್ಡರ್ ಪುಸ್ತಕ ತೆರೆದು ನೋಡುವುದು ಒಳ್ಳೆಯದು. ಒಂದೇ ಎತ್ತರದ ಗಟ್ಟಿಮರದ ಡ್ರಾಯರುಗಳು ಗುತ್ತಿಗೆಯಲ್ಲಿ, ಡಜನುಗಟ್ಟಲೆ ಬರುತ್ತಿದ್ದರೆ ಅಂತರ ಬದಲಾಗದ ಅಗ್ಗದ ಜಿಗ್ಗೇ ಸಾಕು, ದುಬಾರಿಯದರ ಅಗತ್ಯವಿಲ್ಲ. ಆದರೆ ಒಳ್ಳೆಯ ಬಿಟ್ಟಿಗೆ ದುಡ್ಡು ಹಾಕಿ. ತಿಂಗಳಿಗೊಂದೆರಡು, ಅದೂ ಬೇರೆ ಬೇರೆ ಅಳತೆಯವು ಎಂದಾದರೆ ರೌಟರೂ ಬೇಡ ಜಿಗ್ಗೂ ಬೇಡ. ಜಾಲಿಯದೋ ಹೊನ್ನೆಯದೋ ಗಟ್ಟಿ ತುಂಡಿನಲ್ಲಿ ಎಂಟಕ್ಕೊಂದು ವಾಟದ ಒಂದು ಅಚ್ಚನ್ನು ನೀವೇ ಕೊಯ್ದುಕೊಳ್ಳಿ, ಸಣ್ಣ ಹಲ್ಲಿನ ಒಂದು ಕೈಗರಗಸ, ಚೂಪಾದ ಎರಡು ಉಳಿ ಇಟ್ಟುಕೊಳ್ಳಿ. ಖರ್ಚು ಗರಗಸ, ಉಳಿಯದು ಮಾತ್ರ.